ಗಣಿತದಲ್ಲಿ ಸಿದ್ಧವಾದದ್ದು ಜಗತ್ತಿನಲ್ಲಿ ಇದೆಯೇ?

ರಾಯಚೂರು, ಕಲಬುರಗಿ, ಕೊಪ್ಪಳ, ಬಳ್ಳಾರಿಗಳ ಕಡೆಯಿಂದ ಉದ್ಯೋಗನಿಮಿತ್ತವಾಗಿ ಬಂದು ಈ ಭಾಗ್ಯನಗರದಲ್ಲಿ ನೆಲೆಸಿರುವ ನಮ್ಮ ಮನೆತನಗಳಲ್ಲಿ ವಿಜ್ಞಾನವನ್ನೋ ತಂತ್ರವಿದ್ಯೆಯನ್ನೋ ಅಭ್ಯಾಸ ಮಾಡದ ಮಕ್ಕಳು ಇಂದು ವಿರಳ. ಅವರು ಓದಿನ ನಡುವೆ ಎತ್ತುವ ಒಂದು ಪ್ರಶ್ನೆಯನ್ನು ಈ ತಿಂಗಳು ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಆಧುನಿಕ ಭೌತವಿಜ್ಞಾನವು ಬಾಗಿದ ದೇಶ-ಕಾಲಗಳು, ಹತ್ತು ಆಯಾಮಗಳ ವಿಶ್ವ, ಎಂದೂ ಕಣ್ಣಿಗೆ ಬೀಳದ ಕಣಗಳು ಎಂದೆಲ್ಲ ಹೇಳುತ್ತದೆ. ಇವುಗಳಲ್ಲಿ ಬಹುಪಾಲು ಮೊದಲು ಹುಟ್ಟಿದ್ದು ಕಾಗದದ ಮೇಲಿನ ಸಮೀಕರಣಗಳಲ್ಲಿ. ಸಮೀಕರಣದಲ್ಲಿ ಸಿದ್ಧವಾದ ವಸ್ತುವು ಹೊರಗಿನ ಜಗತ್ತಿನಲ್ಲಿಯೂ ಇದೆಯೆಂದು ಒಪ್ಪುವುದಕ್ಕೆ ಆಧಾರವೇನು?

ಇದಕ್ಕೆ ಮೂರು ಅವಸರದ ಉತ್ತರಗಳು ನಮ್ಮ ನಡುವೆ ಓಡಾಡುತ್ತಿವೆ. "ಎಲ್ಲವೂ ಪಾಶ್ಚಾತ್ಯರ ಕಲ್ಪನೆ, ನಾಳೆ ಬದಲಾಗುವಂಥದು" ಎಂದು ಕೆಲವು ಹಿರಿಯರು ಮಾತು ಮುಗಿಸುತ್ತಾರೆ. "ಭೌತವಿಜ್ಞಾನವೇ ಈಗ ಜಗತ್ತನ್ನು ಕೇವಲ ಗಣಿತವೆಂದು ತೋರಿಸಿದೆ, ಆದುದರಿಂದ ಜಗತ್ತು ಮಿಥ್ಯೆಯೆಂಬುದು ವಿಜ್ಞಾನಸಮ್ಮತ" ಎಂದು ಒಂದೆರಡು ಜನಪ್ರಿಯ ಪುಸ್ತಕಗಳನ್ನು ಓದಿದ ತರುಣರು ವಾದಿಸುತ್ತಾರೆ. "ಇದೆಲ್ಲವೂ ನಮ್ಮ ಗ್ರಂಥಗಳಲ್ಲಿ ಮೊದಲೇ ಇದೆ" ಎಂಬುದು ಮೂರನೆಯ ಉತ್ತರ. ಈ ಮೂರನೆಯದನ್ನು ನಮ್ಮವರೇ ಹೆಚ್ಚಾಗಿ ಹೇಳುವುದರಿಂದ ಮೊದಲು ಅದನ್ನೇ ಬದಿಗಿಡುವುದು ಒಳ್ಳೆಯದು. ಪ್ರೋಟಾನಿನ ಆಯುಸ್ಸನ್ನು ತಿಳಿಸುವುದು ಶಾಸ್ತ್ರದ ಪ್ರಯೋಜನವಲ್ಲ. ಶಾಸ್ತ್ರದಿಂದ ಈ ವಿಷಯದಲ್ಲಿ ನಮಗೆ ದೊರೆಯುವುದು ಬೇರೊಂದು ಸಹಾಯ. ಒಂದು ವಸ್ತು ಇದೆಯೆಂದು ನಿಶ್ಚಯಿಸುವಾಗ ಏನನ್ನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು ಎಂಬ ಶಿಕ್ಷಣ ಅದು.

ಶ್ರೀಮಟ್ಟೀಕಾಕೃತ್ಪಾದರ ಪ್ರಮಾಣಪದ್ಧತಿಯನ್ನು ಪಾಠ ಕೇಳಿದವರಿಗೆ ಇದು ಪರಿಚಿತ. ವಸ್ತುವನ್ನು ಅದು ಇರುವಂತೆಯೇ ವಿಷಯೀಕರಿಸುವುದು ಪ್ರಮಾಣ. ಅಂತಹ ಜ್ಞಾನಕ್ಕೆ ಸಾಧನಗಳಾದ ಪ್ರತ್ಯಕ್ಷ, ಅನುಮಾನ, ಆಗಮಗಳು ಅನುಪ್ರಮಾಣಗಳು. ಇವುಗಳಲ್ಲಿ ಅನುಮಾನಕ್ಕೆ ಸ್ವತಂತ್ರವಾದ ಓಟವಿಲ್ಲ. ಪ್ರತ್ಯಕ್ಷದ ಅಥವಾ ಆಗಮದ ಬೆಂಬಲವಿಲ್ಲದ ಶುಷ್ಕತರ್ಕವನ್ನು ಜಾಣನಾದವನು ಬೇಕಾದ ಕಡೆಗೆ ಎಳೆದೊಯ್ಯಬಲ್ಲನೆಂದು ನಮ್ಮ ಆಚಾರ್ಯರು ಪದೇಪದೇ ಎಚ್ಚರಿಸಿದ್ದಾರೆ. ಇದರ ಜೊತೆಗೆ ಉಪಜೀವ್ಯವೆಂಬ ಇನ್ನೊಂದು ಮಾತನ್ನು ನೆನಪಿನಲ್ಲಿಡಬೇಕು. ಒಂದು ಪ್ರಮಾಣವು ಯಾವುದನ್ನು ಆಶ್ರಯಿಸಿ ನಿಂತಿದೆಯೋ ಅದು ಆ ಪ್ರಮಾಣಕ್ಕೆ ಉಪಜೀವ್ಯ. ಆಶ್ರಯಿಸಿದ್ದನ್ನೇ ಅದು ಅಲ್ಲಗಳೆದರೆ ತನ್ನ ಬುಡವನ್ನೇ ಕಡಿದುಕೊಂಡಂತಾಗುತ್ತದೆ.

ಗಣಿತಾತ್ಮಕವಾದ ಭೌತಸಿದ್ಧಾಂತವು ಇವುಗಳಲ್ಲಿ ಯಾವ ವರ್ಗಕ್ಕೆ ಸೇರುತ್ತದೆ? ನಿಸ್ಸಂದೇಹವಾಗಿ ಅನುಮಾನದ ವರ್ಗಕ್ಕೆ. ಕೆಲವು ಅಳತೆಗಳು ಪ್ರತ್ಯಕ್ಷದಿಂದ ಬಂದಿರುತ್ತವೆ. ಅವುಗಳ ನಡುವಣ ನಿಯತಸಂಬಂಧವನ್ನು ಸಮೀಕರಣದ ರೂಪದಲ್ಲಿ ಹಿಡಿಯುತ್ತಾರೆ. ಆ ಸಂಬಂಧದಿಂದ ಇನ್ನೂ ಕಾಣದ ವಿಷಯಕ್ಕೆ ಕೈಚಾಚುತ್ತಾರೆ. ಗಣಿತದ ಒಳಗೆ ವಿರೋಧವಿಲ್ಲದಿರುವುದರಿಂದ ತಿಳಿಯುವುದು ಆ ವಸ್ತು ಇರಬಹುದೆಂದು ಮಾತ್ರ. ಇದೆಯೆಂದು ಹೇಳಿಸಬೇಕಾದರೆ ಮತ್ತೆ ಪ್ರತ್ಯಕ್ಷದ ಬಳಿಗೇ ಬರಬೇಕು.

ಇಲ್ಲಿ ಮನೆಯ ಉದಾಹರಣೆಯೊಂದನ್ನು ನೋಡಬಹುದು. ಸೂರ್ಯಸಿದ್ಧಾಂತದ ರೀತಿಯಲ್ಲಿ ಗಣಿಸಿದ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ತಿಥಿಯ ಅಂತ್ಯಕಾಲದಲ್ಲಿ ಕೆಲವು ಗಂಟೆಗಳಷ್ಟು ವ್ಯತ್ಯಾಸ ಬರುವುದನ್ನೂ, ಅದರಿಂದ ಒಮ್ಮೊಮ್ಮೆ ಏಕಾದಶಿಯೇ ಬೇರೆ ಬೇರೆ ದಿನಗಳಿಗೆ ಬೀಳುವುದನ್ನೂ ನಾವೆಲ್ಲರೂ ಬಲ್ಲೆವು. ಆಚರಣೆಗೆ ಯಾವುದು ಗ್ರಾಹ್ಯವೆಂಬ ಚರ್ಚೆ ಇಲ್ಲಿಗೆ ಬೇಡ; ಅದಕ್ಕೆ ಸಂಪ್ರದಾಯವಿದೆ. ನಾವು ಗಮನಿಸಬೇಕಾದುದು ಗಣಿತದ ಸ್ವರೂಪವನ್ನು. ಪ್ರಾಚೀನ ಗಣಿತವು ಭೂಮಿಯನ್ನು ಮಧ್ಯದಲ್ಲಿಟ್ಟು, ದೊಡ್ಡ ವೃತ್ತದ ಮೇಲೆ ಸಣ್ಣ ವೃತ್ತಗಳನ್ನು ಹೂಡಿ, ಮಂದ ಮತ್ತು ಶೀಘ್ರವೆಂಬ ಸಂಸ್ಕಾರಗಳಿಂದ ಗ್ರಹಗಳ ಸ್ಥಾನವನ್ನು ತೆಗೆಯುತ್ತದೆ. ಶತಮಾನಗಳ ಕಾಲ ಗ್ರಹಣಗಳನ್ನು ಅದು ಮುಂದಾಗಿ ಹೇಳಿದೆ. ಹಾಗೆಂದ ಮಾತ್ರಕ್ಕೆ ಆಕಾಶದಲ್ಲಿ ಆ ಸಣ್ಣ ವೃತ್ತಗಳು ಎಲ್ಲಿಯಾದರೂ ಇವೆಯೇ? ಇಲ್ಲ. ಫಲ ಸರಿಹೋದರೂ ಸಾಧನವಾಗಿ ಬಳಸಿದ ಆಕೃತಿಗಳು ಕಲ್ಪಿತವಾಗಿರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ. ಕೇರಳದ ಪರಮೇಶ್ವರನು ೧೪೩೧ರಲ್ಲಿ ದೃಗ್ಗಣಿತವನ್ನು ರಚಿಸಿದ್ದೂ, ಆಧುನಿಕ ಕಾಲದಲ್ಲಿ ಬಾಗಲಕೋಟೆಯ ವೆಂಕಟೇಶ ಬಾಪೂಜಿ ಕೇತಕರರು ಜ್ಯೋತಿರ್ಗಣಿತ, ಗ್ರಹಗಣಿತ ಗ್ರಂಥಗಳನ್ನು ಬರೆದದ್ದೂ ಲೆಕ್ಕವನ್ನು ಮತ್ತೆ ಕಣ್ಣಿಗೆ ಹೊಂದಿಸುವುದಕ್ಕಾಗಿ. ಆ ಶಾಸ್ತ್ರಕ್ಕೆ ದೃಕ್ ಎಂಬ ಹೆಸರು ಸುಮ್ಮನೆ ಬಂದುದಲ್ಲ.

ಒಂದೇ ಗಣಿತವನ್ನು ಒಬ್ಬನೇ ಪಂಡಿತನು ಎರಡು ಬಾರಿ ಪ್ರಯೋಗಿಸಿ ಎರಡು ವಿರುದ್ಧ ಫಲಗಳನ್ನು ಪಡೆದದ್ದೂ ಉಂಟು. ಫ್ರಾನ್ಸಿನ ಲವೆರಿಯೆ ಎಂಬ ಜ್ಯೋತಿರ್ವಿದನು ಯುರೇನಸ್ ಗ್ರಹದ ಗತಿಯಲ್ಲಿದ್ದ ಅಲ್ಪವ್ಯತ್ಯಾಸದಿಂದ ಅದರಾಚೆಗೆ ಇನ್ನೊಂದು ಗ್ರಹವಿರಬೇಕೆಂದು ಲೆಕ್ಕಹಾಕಿದನು. ೧೮೪೬ರಲ್ಲಿ ದೂರದರ್ಶಕವನ್ನು ಆ ದಿಕ್ಕಿಗೆ ತಿರುಗಿಸಿದಾಗ ನೆಪ್ಚೂನ್ ಅಲ್ಲಿಯೇ ಇತ್ತು. ಬುಧನ ಗತಿಯಲ್ಲಿಯೂ ವ್ಯತ್ಯಾಸ ಕಂಡ ಅವನೇ ೧೮೫೯ರಲ್ಲಿ ಸೂರ್ಯನ ಸಮೀಪ ಮತ್ತೊಂದು ಗ್ರಹವನ್ನು ಊಹಿಸಿದನು. ಅದಕ್ಕೆ ವಲ್ಕನ್ ಎಂದು ಹೆಸರೂ ಬಂತು. ಗ್ರಹ ಮಾತ್ರ ಬರಲಿಲ್ಲ. ಬುಧನ ವ್ಯತ್ಯಾಸಕ್ಕೆ ಕಾರಣ ತಿಳಿದದ್ದು ೧೯೧೫ರಲ್ಲಿ, ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಿಂದ.

ಈಗ ನಮ್ಮ ನಾಡಿನ ಎರಡು ಸಂಗತಿಗಳಿಗೆ ಬರೋಣ. ಒಂದರಲ್ಲಿ ಪ್ರಕೃತಿಯು ಗಣಿತಕ್ಕೆ ಇಲ್ಲವೆಂದಿತು, ಇನ್ನೊಂದರಲ್ಲಿ ಹೌದೆಂದಿತು. ಎರಡರಲ್ಲಿಯೂ ಕನ್ನಡನಾಡಿನ ನೆಲವೋ ಜನರೋ ಮುಖ್ಯಪಾತ್ರ ವಹಿಸಿರುವುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಕೋಲಾರದ ಚಿನ್ನದ ಗಣಿಯೆಂದರೆ ಚಿನ್ನವಷ್ಟೇ ನೆನಪಾಗುತ್ತದೆ. ಅಲ್ಲಿಯ ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳವಾಗಿದ್ದು, ಜಗತ್ತಿನ ಅತ್ಯಂತ ಆಳವಾದ ಗಣಿಗಳಲ್ಲಿ ಒಂದಾಗಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹೋಮಿ ಭಾಭಾ ಅವರ ಪ್ರೇರಣೆಯಿಂದ ೧೯೫೦ರ ದಶಕದ ಆರಂಭದಲ್ಲಿಯೇ ಆ ಗಣಿಗೆ ಇಳಿದರು. ಮೊದಲು ಇಳಿದವರಲ್ಲಿ ಪ್ರಮುಖರು ನಂಜನಗೂಡಿನಲ್ಲಿ ೧೯೨೫ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್, ಮುಂದೆ ಅವರೇ ಆ ಸಂಸ್ಥೆಯ ನಿರ್ದೇಶಕರಾದರು. ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳ ಅಭ್ಯಾಸ ಅವರ ಉದ್ದೇಶ. ಚಾಚಿದ ನಮ್ಮ ಅಂಗೈಯ ಮೂಲಕ ನಿಮಿಷಕ್ಕೆ ಸುಮಾರು ನೂರು ಕಣಗಳು ನಮಗೆ ತಿಳಿಯದಂತೆಯೇ ಹಾದುಹೋಗುತ್ತಿರುತ್ತವೆ. ಭೂಮಿಯೊಳಗೆ ಇಳಿದಂತೆ ಬಂಡೆಯು ಅವುಗಳನ್ನು ತಡೆಯುತ್ತದೆ. (ಇದೇ ಸಂಸ್ಥೆಯ ಬಲೂನು ಕೇಂದ್ರವು ನಮ್ಮ ನಗರದಲ್ಲಿ ಇ.ಸಿ.ಐ.ಎಲ್. ಬಳಿ ಇದೆ. ಇಲ್ಲಿ ಉಪಕರಣಗಳನ್ನು ವಾಯುಮಂಡಲದ ಮೇಲಕ್ಕೆ ಏರಿಸುತ್ತಾರೆ, ಕೋಲಾರದಲ್ಲಿ ಪಾತಾಳಕ್ಕೆ ಇಳಿಸಿದರು.) ಅತ್ಯಂತ ಆಳದಲ್ಲಿ ಇಟ್ಟ ಯಂತ್ರಗಳು ಸುಮಾರು ಎರಡು ತಿಂಗಳ ಕಾಲ ಒಂದು ಕಣವನ್ನೂ ಕಾಣಲಿಲ್ಲ. ಆ ನಿಶ್ಶಬ್ದವೇ ಒಂದು ಸಂಪತ್ತೆಂದು ವಿಜ್ಞಾನಿಗಳು ಗ್ರಹಿಸಿದರು. ಅಷ್ಟು ನಿಶ್ಶಬ್ದವಾದ ಸ್ಥಳದಲ್ಲಿ ಅತಿಸೂಕ್ಷ್ಮವಾದ ಸದ್ದೂ ಕೇಳಬಹುದಷ್ಟೆ.

ಕೇಳಿಯೂ ಕೇಳಿತು. ೧೯೬೫ರಲ್ಲಿ ಭಾರತ, ಇಂಗ್ಲೆಂಡ್, ಜಪಾನುಗಳ ವಿಜ್ಞಾನಿಗಳ ತಂಡವು, ವಾಯುಮಂಡಲದಲ್ಲಿ ಹುಟ್ಟಿ ಬಂಡೆಯನ್ನು ತೂರಿ ಬಂದ ನ್ಯೂಟ್ರಿನೊ ಕಣಗಳ ಗುರುತನ್ನು ಅಲ್ಲಿ ಪತ್ತೆಹಚ್ಚಿತು. ಅದೇ ಸಮಯದಲ್ಲಿ ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲಿಯೂ ಅದು ಕಂಡಿತು. ನ್ಯೂಟ್ರಿನೊ ಎಂಬುದು ೧೯೩೦ರಲ್ಲಿ ಪೌಲಿ ಎಂಬ ವಿಜ್ಞಾನಿಯು ಶಕ್ತಿಯ ಲೆಕ್ಕ ತಾಳೆಯಾಗಲೆಂದು ಊಹಿಸಿದ ಕಣ. ಜಮಾಖರ್ಚು ಸರಿಹೋಗದಿದ್ದಾಗ ಗುಮಾಸ್ತನು ಬರೆದಿಡುವ ಸಂಶಯದ ಬಾಬಿನಂತೆ ಹುಟ್ಟಿದ ಈ ವಸ್ತು ೧೯೫೬ರಲ್ಲಿ ಪ್ರಯೋಗದಿಂದ ಸಿದ್ಧವಾಗಿ, ಒಂಬತ್ತು ವರ್ಷಗಳ ಅನಂತರ ಕೋಲಾರದ ಬಂಡೆಯೊಳಗೂ ತನ್ನನ್ನು ತೋರಿಸಿಕೊಂಡಿತು.

ಮುಖ್ಯ ಸಂಗತಿ ಮುಂದಿನದು. ೧೯೭೪ರಲ್ಲಿ ಜಾರ್ಜಿ ಮತ್ತು ಗ್ಲಾಶೋ ಎಂಬ ಅಮೆರಿಕದ ವಿಜ್ಞಾನಿಗಳು ಎಸ್‌ಯು-೫ ಎಂಬ ಗಣಿತಸಮೂಹವನ್ನು ಆಧರಿಸಿ ಒಂದು ಏಕೀಕೃತ ಸಿದ್ಧಾಂತವನ್ನು ಮಂಡಿಸಿದರು. ಒಡಿಶಾದ ಜೋಗೇಶ ಪತಿಯವರೂ ಅಬ್ದುಸ್ ಸಲಾಂ ಅವರೂ ಬೇರೆ ಮಾರ್ಗದಿಂದ ಇಂಥದೇ ವಿಚಾರವನ್ನು ಆ ಕಾಲದಲ್ಲಿಯೇ ಮುಂದಿಟ್ಟಿದ್ದರು. ಗುರುತ್ವವನ್ನು ಬಿಟ್ಟರೆ ಪ್ರಕೃತಿಯಲ್ಲಿ ಕಾಣುವ ಮೂರು ಬಲಗಳೂ ಮೂಲದಲ್ಲಿ ಒಂದೇ ಎಂಬುದು ಅದರ ಸಾರ. ಅದರ ಸೊಬಗು ಸಾಮಾನ್ಯವಾದುದಲ್ಲ. ಪ್ರೋಟಾನಿನ ಧನವಿದ್ಯುತ್ತು ಎಲೆಕ್ಟ್ರಾನಿನ ಋಣವಿದ್ಯುತ್ತಿಗೆ ಕೂದಲೆಳೆಯ ಅಂತರವೂ ಇಲ್ಲದಂತೆ ಸಮವಾಗಿದೆ. ಏಕೆ ಹಾಗಿದೆಯೆಂದು ಹಿಂದಿನ ಯಾವ ಸಿದ್ಧಾಂತವೂ ಹೇಳಿರಲಿಲ್ಲ. ಈ ಗಣಿತದಲ್ಲಿ ಅದು ತಾನಾಗಿಯೇ ಫಲಿಸುತ್ತದೆ. ಇಷ್ಟು ಚೆಲುವಾದ ಲೆಕ್ಕ ಸುಳ್ಳಾಗಲಾರದೆಂದು ಅನೇಕರು ನಂಬಿದರು. ಆದರೆ ಅದೇ ಲೆಕ್ಕದಿಂದ ಮತ್ತೊಂದು ಫಲವೂ ಬರುತ್ತಿತ್ತು. ಜಡವಸ್ತುಗಳಿಗೆಲ್ಲ ಆಧಾರವಾದ ಪ್ರೋಟಾನು ಶಾಶ್ವತವಲ್ಲ, ಎಂದಾದರೊಂದು ದಿನ ಒಡೆದು ಹಗುರವಾದ ಕಣಗಳಾಗಬೇಕು ಎಂಬುದೇ ಅದು. ಅದರ ಆಯುಸ್ಸು ಹೆಚ್ಚುಕಡಿಮೆ ಒಂದರ ಮುಂದೆ ಮೂವತ್ತೊಂದು ಸೊನ್ನೆಗಳನ್ನಿಟ್ಟಷ್ಟು ವರ್ಷಗಳೆಂದು ಗಣಿಸಿದರು. ವಿಶ್ವದ ವಯಸ್ಸಾದರೋ ಸುಮಾರು ೧,೩೮೦ ಕೋಟಿ ವರ್ಷ, ಎಂದರೆ ಒಂದರ ಮುಂದೆ ಹತ್ತು ಸೊನ್ನೆಗಳ ಮಟ್ಟದ್ದು.

ಇಷ್ಟು ದೀರ್ಘವಾದ ಆಯುಸ್ಸನ್ನು ಪರೀಕ್ಷಿಸುವುದು ಹೇಗೆ? ಒಬ್ಬ ಮನುಷ್ಯನ ಮುಂದೆ ಕುಳಿತು ಅವನ ಮರಣಕ್ಕಾಗಿ ಎಪ್ಪತ್ತು ವರ್ಷ ಕಾಯಬೇಕಿಲ್ಲ. ಹೈದರಾಬಾದಿನಂತಹ ನಗರದ ಜನನ-ಮರಣ ಕಚೇರಿಯಲ್ಲಿ ಒಂದು ದಿನ ಕುಳಿತರೆ ಸಾಕು. ಲಕ್ಷಾಂತರ ಜನರಿರುವಲ್ಲಿ ಪ್ರತಿದಿನವೂ ಮರಣಗಳು ದಾಖಲಾಗುತ್ತವೆ. ಅದೇ ಯುಕ್ತಿಯಿಂದ ಕೋಲಾರದ ಗಣಿಯಲ್ಲಿ, ನೆಲದಿಂದ ೨,೩೦೦ ಮೀಟರು ಆಳದಲ್ಲಿ, ಸುಮಾರು ೧೪೦ ಟನ್ ತೂಕದ ಯಂತ್ರವನ್ನು ಸ್ಥಾಪಿಸಿದರು. ಕಬ್ಬಿಣದ ತಗಡುಗಳ ನಡುವೆ ಸಾಲುಸಾಲಾಗಿ ಕಣಶೋಧಕ ನಳಿಕೆಗಳನ್ನು ಜೋಡಿಸಿದ ೩೪ ಪದರಗಳ ರಚನೆ ಅದು. ಅಷ್ಟು ಕಬ್ಬಿಣದಲ್ಲಿ ಪ್ರೋಟಾನು, ನ್ಯೂಟ್ರಾನುಗಳು ಸೇರಿ ಎಂಟರ ಮುಂದೆ ಮೂವತ್ತೊಂದು ಸೊನ್ನೆಗಳಷ್ಟಿವೆ. ಗಣಿತ ಹೇಳಿದ ಆಯುಸ್ಸು ನಿಜವಾದರೆ ವರ್ಷಕ್ಕೆ ಸರಾಸರಿ ಏಳೆಂಟು ಕಣಗಳಾದರೂ ಒಡೆಯಬೇಕು. ಪ್ರಯೋಗ ಆರಂಭವಾದದ್ದು ೧೯೮೦ರಲ್ಲಿ. ಈ ಉದ್ದೇಶಕ್ಕಾಗಿಯೇ ಕಟ್ಟಿದ ದೊಡ್ಡ ಯಂತ್ರಗಳಲ್ಲಿ ಜಗತ್ತಿನಲ್ಲಿಯೇ ಮೊದಲು ಕೆಲಸಕ್ಕೆ ತೊಡಗಿದ್ದು ಇದು. ಬಡದೇಶದ ಗಣಿಯೊಂದರ ಉರಿಸೆಕೆಯಲ್ಲಿ ಕುಳಿತು ಇಂತಹ ಪ್ರಶ್ನೆಯನ್ನು ಕೇಳಿದವರ ಧೈರ್ಯವನ್ನು ಮೆಚ್ಚಲೇಬೇಕು.

ಮುಂದಿನ ಎರಡು ವರ್ಷಗಳಲ್ಲಿ ಗಣಿಯ ತಂಡವು ಕೆಲವು ಘಟನೆಗಳನ್ನು ಪ್ರಕಟಿಸಿ, ಇವು ಪ್ರೋಟಾನು ಒಡೆದ ಗುರುತುಗಳಿರಬಹುದೆಂದಿತು. ಜಗತ್ತಿನ ಭೌತವಿಜ್ಞಾನಿಗಳೆಲ್ಲ ಕೋಲಾರದ ಕಡೆಗೆ ತಿರುಗಿ ನೋಡಿದರು. ಆದರೆ ನ್ಯೂಟ್ರಿನೊ ಬಡಿದಾಗಲೂ ಅದೇ ಬಗೆಯ ಗುರುತು ಮೂಡಬಹುದೆಂಬ ಶಂಕೆ ಉಳಿದೇ ಇತ್ತು. ೧೯೮೨ರಲ್ಲಿ ಅಮೆರಿಕದ ಓಹಾಯೊ ಪ್ರಾಂತ್ಯದ ಉಪ್ಪಿನ ಗಣಿಯಲ್ಲಿ ಸುಮಾರು ಎಂಟು ಸಾವಿರ ಟನ್ ನೀರಿನ ಯಂತ್ರವೂ, ೧೯೮೩ರಲ್ಲಿ ಜಪಾನಿನ ಕಾಮಿಯೋಕಾ ಗಣಿಯಲ್ಲಿ ಮೂರು ಸಾವಿರ ಟನ್ ನೀರಿನ ಯಂತ್ರವೂ ಕೆಲಸಕ್ಕೆ ತೊಡಗಿದವು. ಅಷ್ಟು ದೊಡ್ಡ ಯಂತ್ರಗಳಲ್ಲಿ ಕೋಲಾರದ ಲೆಕ್ಕದಂತೆ ಬಹಳ ಘಟನೆಗಳು ಕಾಣಬೇಕಿತ್ತು, ಕಾಣಲಿಲ್ಲ. ೧೯೯೬ರಿಂದ ಐವತ್ತು ಸಾವಿರ ಟನ್ ನೀರಿನ ಸೂಪರ್ ಕಾಮಿಯೋಕಾಂಡೆ ಕಾಯುತ್ತಿದೆ. ಆ ಸಿದ್ಧಾಂತವು ಮುಖ್ಯವಾಗಿ ಹೇಳಿದ ಮಾರ್ಗದಿಂದ ಪ್ರೋಟಾನು ಒಡೆಯುವುದಾದರೆ ಅದರ ಆಯುಸ್ಸು ಎರಡರ ಮುಂದೆ ಮೂವತ್ತನಾಲ್ಕು ಸೊನ್ನೆಗಳಿಗಿಂತಲೂ ಹೆಚ್ಚಿರಬೇಕೆಂದು ಅಲ್ಲಿಯ ಅಳತೆಯಿಂದ ತಿಳಿದಿದೆ. ಸರಳರೂಪದ ಎಸ್‌ಯು-೫ ಸಿದ್ಧಾಂತ ಅಲ್ಲಿಗೆ ಮುಗಿಯಿತು.

ನಮ್ಮ ಪರಿಭಾಷೆಯಲ್ಲಿ ಇದು ಬಾಧಿತವಾದ ಅನುಮಾನ. ಹೇತುವಿನ ಸೊಬಗಿಗೆ ಕುಂದಿರಲಿಲ್ಲ, ಗಣಿತದಲ್ಲಿ ತಪ್ಪಿರಲಿಲ್ಲ, ಪ್ರಬಲವಾದ ಪ್ರತ್ಯಕ್ಷವು ಎದುರು ನಿಂತಿತು. ಏಕೀಕರಣದ ವಿಚಾರವೇ ಸತ್ತಿಲ್ಲವೆಂದೂ, ಇನ್ನೂ ದೀರ್ಘವಾದ ಆಯುಸ್ಸನ್ನು ಹೇಳುವ ಬೇರೆ ರೂಪಗಳು ಇವೆಯೆಂದೂ ಹೇಳುವವರು ಉಂಟು, ಅದು ಸತ್ಯವೂ ಹೌದು. ಆದರೆ ಪ್ರತಿಯೊಂದು ಪರೀಕ್ಷೆಯ ಅನಂತರವೂ ಆಯುಸ್ಸನ್ನು ಮುಂದಕ್ಕೆ ತಳ್ಳುತ್ತ ಹೋಗುವ ಪಕ್ಷವು ಎಲ್ಲಿಯೋ ಒಂದು ಕಡೆ ನಿಂತು, "ಇಷ್ಟರೊಳಗೆ ಕಾಣದಿದ್ದರೆ ನಾನು ಸೋತೆ" ಎಂದು ಹೇಳಲೇಬೇಕು. ವಾದಕಥೆಯಲ್ಲಿ ನಿಗ್ರಹಸ್ಥಾನವನ್ನೇ ಒಪ್ಪದ ಪ್ರತಿವಾದಿಯೊಡನೆ ಯಾರೂ ವಾದ ಮಾಡುವುದಿಲ್ಲ.

ಪ್ರೋಟಾನಿಗಾಗಿ ಕಟ್ಟಿದ ಓಹಾಯೊ, ಕಾಮಿಯೋಕಾಗಳ ಯಂತ್ರಗಳೇ ೧೯೮೭ರ ಫೆಬ್ರವರಿಯಲ್ಲಿ ನಮ್ಮ ನಕ್ಷತ್ರಮಂಡಲದ ಹೊರಗೆ ಸಿಡಿದ ತಾರೆಯೊಂದರಿಂದ ಬಂದ ನ್ಯೂಟ್ರಿನೊಗಳನ್ನು ಹಿಡಿದವು. ಕೋಲಾರದ ಪ್ರಯೋಗಗಳು ೧೯೯೦ರ ದಶಕದಲ್ಲಿ ನಿಂತವು. ೨೦೦೧ರ ಫೆಬ್ರವರಿಯಲ್ಲಿ ಗಣಿಯೇ ಮುಚ್ಚಿತು. ನೀರೆತ್ತುವ ಪಂಪುಗಳು ನಿಂತ ಮೇಲೆ ಆಳದ ಸುರಂಗಗಳು ನೀರು ತುಂಬಿಕೊಂಡವು.

ಎರಡನೆಯ ಸಂಗತಿ ಬೆಂಗಳೂರಿನಲ್ಲಿ ೧೯೩೮ರಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ ಅವರದು. ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೆಂದು ಅವರನ್ನು ಬಲ್ಲವರು ಅನೇಕರು. ಅವರ ಗಣಿತವನ್ನು ಬಲ್ಲವರು ಕಡಿಮೆ. ಐನ್‌ಸ್ಟೈನರ ಸಮೀಕರಣಗಳಿಗೆ ಶ್ವಾರ್ಟ್ಸ್‌ಶಿಲ್ಡ್ ಎಂಬ ಜರ್ಮನ್ ವಿಜ್ಞಾನಿಯು ೧೯೧೬ರಲ್ಲಿ ಪ್ರಕಟಿಸಿದ ಉತ್ತರದೊಳಗೆ ಒಂದು ವಿಚಿತ್ರವಾದ ಗೋಳವಿತ್ತು. ಅದರೊಳಗೆ ಹೋದ ಬೆಳಕೂ ಹಿಂದಿರುಗದು. ಐನ್‌ಸ್ಟೈನರೇ ೧೯೩೯ರಲ್ಲಿ ಲೇಖನವೊಂದನ್ನು ಬರೆದು, ಇಂತಹ ವಸ್ತು ಭೌತಜಗತ್ತಿನಲ್ಲಿ ಇರಲಾರದೆಂದು ವಾದಿಸಿದರು. ಸಿದ್ಧಾಂತದ ಕರ್ತೃವೇ ತನ್ನ ಸಮೀಕರಣದ ಮಾತನ್ನು ನಂಬಲಿಲ್ಲ! ಅದಕ್ಕೆ ಕಪ್ಪುರಂಧ್ರವೆಂಬ ಅರ್ಥದ ಹೆಸರು ಪ್ರಚಾರಕ್ಕೆ ಬಂದದ್ದು ೧೯೬೭ರ ಅನಂತರ.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಮಿಸ್ನರ್ ಎಂಬ ಗುರುಗಳ ಬಳಿ ಸಂಶೋಧನೆಗೆ ತೊಡಗಿದ ವಿಶ್ವೇಶ್ವರ ಅವರು ಒಂದು ನೇರವಾದ ಪ್ರಶ್ನೆಯನ್ನು ಕೇಳಿಕೊಂಡರು. ಇಂತಹ ವಸ್ತು ಇದ್ದದ್ದೇ ಆದರೆ, ಅದನ್ನು ಅಲುಗಿಸಿದಾಗ ಚೆದರಿಹೋಗುತ್ತದೆಯೋ ನಿಲ್ಲುತ್ತದೆಯೋ? ನಿಲ್ಲುತ್ತದೆಂದು ಗಣಿತದಿಂದ ತೋರಿಸಿದರು. ಅನಂತರ ಅದರ ಮೇಲೆ ಗುರುತ್ವದ ಅಲೆಗಳನ್ನು ಲೆಕ್ಕದಲ್ಲಿಯೇ ಹಾಯಿಸಿ ನೋಡಿದರು. ಹಿಂದಿರುಗಿ ಬಂದ ಅಲೆಯಲ್ಲಿ ಒಂದು ನಿಯತವಾದ ಕಂಪನವಿತ್ತು, ಕ್ರಮೇಣ ಕ್ಷೀಣಿಸುತ್ತಿತ್ತು. ಮಠದ ಗಂಟೆಯನ್ನು ಯಾರು ಹೇಗೆ ಬಡಿದರೂ ಅದರ ನಾದ ಗಂಟೆಯ ಗಾತ್ರ-ಲೋಹಗಳನ್ನೇ ಹೇಳುವಂತೆ, ಈ ಕಂಪನವೂ ಬಡಿದ ಅಲೆಯನ್ನು ಹೇಳದೆ ಕಪ್ಪುರಂಧ್ರದ ದ್ರವ್ಯರಾಶಿಯನ್ನೇ ಹೇಳುತ್ತಿತ್ತು. ೧೯೭೦ರಲ್ಲಿ ಇದು ಪ್ರಕಟವಾಯಿತು. ಆಗ ಕಪ್ಪುರಂಧ್ರ ಇದೆಯೆಂಬುದೂ ನಿಶ್ಚಿತವಿರಲಿಲ್ಲ, ಗುರುತ್ವದ ಅಲೆಯನ್ನು ನಿಶ್ಚಿತವಾಗಿ ಅಳೆದವರೂ ಇರಲಿಲ್ಲ. ಕಾಣದ ವಸ್ತುವಿನಿಂದ ಹೊರಡುವ ಕಾಣದ ಅಲೆಯ ಲೆಕ್ಕ ಅದು. ಇದಕ್ಕಿಂತ ಅಮೂರ್ತವಾದ ಗಣಿತವನ್ನು ಹುಡುಕುವುದು ಕಷ್ಟ.

೨೦೧೫ರ ಸೆಪ್ಟೆಂಬರ್ ೧೪ರಂದು ಅಮೆರಿಕದ ಲೈಗೋ ಯಂತ್ರಗಳೆರಡರಲ್ಲಿ ಒಂದು ಸಂಕೇತ ಮೂಡಿತು. ಸೂರ್ಯನ ಸುಮಾರು ೩೬ ಪಟ್ಟು ಮತ್ತು ೨೯ ಪಟ್ಟು ದ್ರವ್ಯವುಳ್ಳ ಎರಡು ಕಪ್ಪುರಂಧ್ರಗಳು ಒಂದಾಗಿ ಸುಮಾರು ೬೨ ಪಟ್ಟಿನ ಒಂದು ರಂಧ್ರವಾದವು. ಉಳಿದ ಮೂರು ಸೂರ್ಯರಷ್ಟು ದ್ರವ್ಯವು ಅಲೆಗಳ ಶಕ್ತಿಯಾಗಿ ಹೊರಟಿತು. ನಾಲ್ಕು ಕಿಲೋಮೀಟರು ಉದ್ದದ ಯಂತ್ರದ ತೋಳುಗಳಲ್ಲಿ ಆದ ಬದಲಾವಣೆ ಪ್ರೋಟಾನಿನ ಗಾತ್ರದ ಸಾವಿರದಲ್ಲಿ ಒಂದು ಭಾಗದ ಮಟ್ಟದ್ದು. ಸಂಕೇತದ ಕೊನೆಯಲ್ಲಿ, ನಲವತ್ತೈದು ವರ್ಷಗಳ ಹಿಂದೆ ಲೆಕ್ಕದಲ್ಲಿ ಕಂಡ ಆ ಕ್ಷೀಣಿಸುವ ಕಂಪನವಿತ್ತು. ೨೦೧೬ರ ಫೆಬ್ರವರಿಯಲ್ಲಿ ಇದು ಪ್ರಕಟವಾದಾಗ ವಿಶ್ವೇಶ್ವರ ಅವರು ಬದುಕಿದ್ದರು. ೨೦೧೭ರ ಜನವರಿಯಲ್ಲಿ ತೀರಿಕೊಂಡರು. ೨೦೨೫ರ ಜನವರಿ ೧೪ರಂದು ದೊರೆತ ಮತ್ತೊಂದು ಸಂಕೇತ ಇನ್ನೂ ಸ್ಪಷ್ಟವಾಗಿತ್ತು; ಅದರಲ್ಲಿ ಒಂದಕ್ಕಿಂತ ಹೆಚ್ಚು ಸ್ವರಗಳನ್ನು ಬೇರ್ಪಡಿಸಿ, ಅವು ಒಂದೇ ಗಂಟೆಯವೆಂದು ತಾಳೆನೋಡುವುದು ಸಾಧ್ಯವಾಯಿತು. ಇಂತಹದೇ ಯಂತ್ರವೊಂದನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಸ್ಥಾಪಿಸಲು ೨೦೨೩ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆಯಿತು. ಹಿಂದೆ ಹೈದರಾಬಾದು ಸಂಸ್ಥಾನಕ್ಕೇ ಸೇರಿದ್ದ ಸೀಮೆ ಅದು.

ಇಲ್ಲಿ ಪೂರ್ವಪಕ್ಷಿಯು ಏಳಬಹುದು. "ಗ್ರಹಣವನ್ನು ಸರಿಯಾಗಿ ಹೇಳಿದ ಸಣ್ಣ ವೃತ್ತಗಳನ್ನು ಕಲ್ಪಿತವೆಂದಿರಿ. ಸಂಕೇತವನ್ನು ಸರಿಯಾಗಿ ಹೇಳಿದ ಕಪ್ಪುರಂಧ್ರವನ್ನು ಮಾತ್ರ ವಾಸ್ತವವೆನ್ನುವುದು ಯಾವ ನ್ಯಾಯ?" ಈ ಆಕ್ಷೇಪ ಬಲವಾದುದು. ಉತ್ತರ ಹೀಗೆ. ಸಣ್ಣ ವೃತ್ತಗಳನ್ನು ಯಾವ ಅಳತೆಗಾಗಿ ಹೂಡಿದರೋ ಆ ಅಳತೆಗೆ ಮಾತ್ರ ಅವು ಸಲ್ಲುತ್ತವೆ. ವ್ಯತ್ಯಾಸ ಕಂಡಾಗ ಮತ್ತೊಂದು ಸಂಸ್ಕಾರವನ್ನು ಸೇರಿಸಬೇಕು. ಕಪ್ಪುರಂಧ್ರದ ವಿಷಯದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮಾರ್ಗಗಳು ಒಂದೇ ಕಡೆಗೆ ಬಂದು ಸೇರುತ್ತವೆ. ನಮ್ಮ ನಕ್ಷತ್ರಮಂಡಲದ ಮಧ್ಯದಲ್ಲಿ ಕಾಣದ ಒಂದು ವಸ್ತುವನ್ನು ನಕ್ಷತ್ರಗಳು ಸುತ್ತುವುದನ್ನು ದಶಕಗಳ ಕಾಲ ದೂರದರ್ಶಕದಲ್ಲಿ ನೋಡಿ ಅಳೆದಿದ್ದಾರೆ. ೨೦೧೯ರಲ್ಲಿ ರೇಡಿಯೊ ದೂರದರ್ಶಕಗಳ ಜಾಲವು ಬೇರೊಂದು ನಕ್ಷತ್ರಮಂಡಲದ ರಂಧ್ರದ ನೆರಳಿನ ಚಿತ್ರವನ್ನು ಪ್ರಕಟಿಸಿತು. ಲೈಗೋ ಅದನ್ನು ಕಂಪನದಿಂದ ಕೇಳಿತು. ಕತ್ತಲೆಯ ಕೋಣೆಯಲ್ಲಿ ಕಂಬವನ್ನು ಒಬ್ಬನು ಮುಟ್ಟಿ, ಒಬ್ಬನು ಬಡಿದು, ಒಬ್ಬನು ಎಡವಿ ತಿಳಿದರೆ ಅದು ಕಲ್ಪನೆಯೆಂದು ಯಾರೂ ಹೇಳರು. ಆದರೂ ಒಂದು ವಿವೇಚನೆ ಬೇಕು. ವಸ್ತು ಇದೆಯೆಂಬುದು ಸಿದ್ಧವಾಯಿತೆಂದು ಅದನ್ನು ವರ್ಣಿಸುವ ಗಣಿತದ ಪ್ರತಿಯೊಂದು ಅಂಶವೂ ಸಿದ್ಧವಾಗುವುದಿಲ್ಲ. ಅದೇ ಸಮೀಕರಣವು ರಂಧ್ರದ ಒಡಲಿನಲ್ಲಿ ಅನಂತವಾದ ಸಾಂದ್ರತೆಯನ್ನು ಹೇಳುತ್ತದೆ. ಅದನ್ನು ಬಹುಮಂದಿ ಭೌತವಿಜ್ಞಾನಿಗಳು ವಸ್ತುವಿನ ಧರ್ಮವೆಂದು ಭಾವಿಸದೆ, ಸಮೀಕರಣವು ತನ್ನ ಎಲ್ಲೆಯನ್ನು ಮುಟ್ಟಿದ ಸೂಚನೆಯೆಂದೇ ಭಾವಿಸುತ್ತಾರೆ.

ಇನ್ನು ಜಗನ್ಮಿಥ್ಯಾತ್ವಕ್ಕೆ ವಿಜ್ಞಾನದ ಸಾಕ್ಷ್ಯವನ್ನು ಕರೆಯುವವರ ವಿಷಯ. ಇವರು ಹೆಚ್ಚಾಗಿ ಹಿಡಿಯುವುದು ಕ್ವಾಂಟಂ ಶಾಸ್ತ್ರವನ್ನು. ೨೦೨೨ರಲ್ಲಿ ಆಸ್ಪೆ, ಕ್ಲೌಸರ್, ತ್ಸೈಲಿಂಗರ್ ಎಂಬ ಮೂವರಿಗೆ ನೊಬೆಲ್ ಪಾರಿತೋಷಕ ಬಂದಾಗ, "ವಿಶ್ವವು ವಾಸ್ತವವಲ್ಲವೆಂದು ಸಿದ್ಧವಾಯಿತು" ಎಂಬ ಅರ್ಥದ ಶಿರೋನಾಮೆಗಳು ಎಲ್ಲೆಡೆ ಕಾಣಿಸಿಕೊಂಡವು. ಅವರ ಪ್ರಯೋಗಗಳು ತೋರಿಸಿದ್ದು ಬೇರೆ. ಅಳೆಯುವ ಮೊದಲೇ ಕಣಗಳಲ್ಲಿ ಎಲ್ಲ ಅಳತೆಗಳ ಉತ್ತರಗಳೂ ನಿಶ್ಚಿತವಾಗಿ ಇರುತ್ತವೆ ಎಂಬ ಒಂದು ಊಹೆ; ದೂರದ ಘಟನೆಯು ಬೆಳಕಿಗಿಂತ ವೇಗವಾಗಿ ಇಲ್ಲಿ ಪ್ರಭಾವ ಬೀರಲಾರದು ಎಂಬ ಇನ್ನೊಂದು ಊಹೆ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲಾಗದೆಂದು ಬೆಲ್ ಎಂಬ ವಿಜ್ಞಾನಿಯು ೧೯೬೪ರಲ್ಲಿ ಮಾಡಿದ ಗಣಿತದಿಂದಲೂ ಮುಂದಿನ ಪ್ರಯೋಗಗಳಿಂದಲೂ ತಿಳಿಯಿತು. ಕಣದ ಧರ್ಮಗಳು ನಾವು ಎಣಿಸಿದ್ದಕ್ಕಿಂತ ವಿಲಕ್ಷಣವೆಂಬುದು ಇದರಿಂದ ಬರುತ್ತದೆ, ಕಣವೇ ಇಲ್ಲವೆಂಬುದು ಬರುವುದಿಲ್ಲ. ಪ್ರಯೋಗಶಾಲೆ, ಬೆಳಕಿನ ಮೂಲ, ಶೋಧಕ, ಅಂಕಿಗಳನ್ನು ಬರೆದ ಮನುಷ್ಯ ಇವರೆಲ್ಲರ ಸತ್ಯತ್ವವನ್ನು ಒಪ್ಪಿಯೇ ಆ ಫಲವು ಹುಟ್ಟಿದೆ. ಅದರಿಂದ ಇವೆಲ್ಲವೂ ಮಿಥ್ಯೆಯೆಂದು ತೆಗೆಯುವುದು ಮೇಲೆ ಹೇಳಿದ ಉಪಜೀವ್ಯವಿರೋಧ. ಹಾಗೆಂದು ಈ ಪ್ರಯೋಗಗಳನ್ನು ನಮ್ಮ ಪಕ್ಷದ ಸಾಕ್ಷಿಗಳೆಂದು ಮೆರೆಸುವುದೂ ಸಲ್ಲದು. ತರಂಗಫಲನವೆಂಬ ಗಣಿತವಸ್ತು ಹೊರಗಿನ ಪದಾರ್ಥವನ್ನೇ ಹೇಳುತ್ತದೆಯೋ, ನಮ್ಮ ತಿಳಿವಳಿಕೆಯ ಮಟ್ಟವನ್ನು ಹೇಳುತ್ತದೆಯೋ ಎಂಬುದರಲ್ಲಿ ಆ ಶಾಸ್ತ್ರದ ಪಂಡಿತರಲ್ಲೇ ಇಂದಿಗೂ ಏಕಮತ್ಯವಿಲ್ಲ. ಲೆಕ್ಕ ಎಲ್ಲರದೂ ಒಂದೇ, ಅರ್ಥ ಬೇರೆ ಬೇರೆ. ಒಂದೇ ಸೂತ್ರಕ್ಕೆ ಹಲವು ಭಾಷ್ಯಗಳಿರುವ ಪರಂಪರೆಯಲ್ಲಿ ಬೆಳೆದ ನಮಗೆ ಇದು ಆಶ್ಚರ್ಯವಾಗಬೇಕಿಲ್ಲ.

ಹತ್ತು ಆಯಾಮಗಳನ್ನು ಹೇಳುವ ತಂತುವಾದದ ವಿಷಯವನ್ನು ಮಕ್ಕಳು ಹೆಚ್ಚಾಗಿ ಕೇಳುತ್ತಾರೆ. ಮೂಲಕಣಗಳೆಲ್ಲ ಅತಿಸೂಕ್ಷ್ಮವಾದ ತಂತುಗಳ ಕಂಪನಗಳೆಂಬುದು ಅದರ ಮತ. ಗುರುತ್ವವನ್ನೂ ಕ್ವಾಂಟಂ ಶಾಸ್ತ್ರವನ್ನೂ ಒಂದೇ ಚೌಕಟ್ಟಿನಲ್ಲಿ ಅವಿರೋಧವಾಗಿ ಕೂಡಿಸುವ ಅದರ ಸಾಮರ್ಥ್ಯ ಸಾಮಾನ್ಯವಲ್ಲ. ಶುದ್ಧಗಣಿತಕ್ಕೂ ಅದರಿಂದ ಬಹಳ ಲಾಭವಾಗಿದೆ. ಆದರೆ ಕೋಲಾರದ ಗಣಿಯಲ್ಲಿ ಪ್ರೋಟಾನಿಗೆ ಕೇಳಿದಂತೆ ಅದಕ್ಕೆ ಕೇಳಬಹುದಾದ, ಹೌದು ಅಥವಾ ಇಲ್ಲವೆಂಬ ಉತ್ತರ ಬರುವ ಪ್ರಶ್ನೆ ಇನ್ನೂ ದೊರೆತಿಲ್ಲ. ಅದರೊಡನೆ ಸಂಬಂಧವುಳ್ಳ ಅತಿಸಮಮಿತಿಯ ಕಣಗಳನ್ನು ಜಿನೀವಾದ ಮಹಾಯಂತ್ರದಲ್ಲಿ ಹುಡುಕಿದರು. ೧೯೬೪ರಲ್ಲಿ ಊಹಿಸಿದ ಹಿಗ್ಸ್ ಕಣವು ೨೦೧೨ರಲ್ಲಿ ಅದೇ ಯಂತ್ರದಲ್ಲಿ ಕಂಡಿತು. ಅತಿಸಮಮಿತಿಯ ಕಣಗಳು ಇದುವರೆಗೆ ಕಂಡಿಲ್ಲ. ಆದುದರಿಂದ ತಂತುಗಳು ಇವೆಯೇ ಎಂದು ಮಗನೋ ಮಗಳೋ ಕೇಳಿದರೆ ಸಂಭಾವನೆಯ ಕೋಟಿಯಲ್ಲಿವೆಯೆಂದು ಹೇಳಬಹುದು. ಇವೆಯೆಂದೂ ಇಲ್ಲವೆಂದೂ ಹೇಳುವುದಕ್ಕೆ ಇಂದು ಪ್ರಮಾಣವಿಲ್ಲ. ಬೆಂಗಳೂರಿನ ಹೊರವಲಯದ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದಲ್ಲಿ ತಂತುವಾದದ ಗಣಿತವನ್ನು ಬೆಳೆಸುವವರೂ, ಲೈಗೋ ಯಂತ್ರದ ಸಂಕೇತಗಳನ್ನು ಜರಡಿ ಹಿಡಿಯುವವರೂ ಒಂದೇ ಆವರಣದಲ್ಲಿ ಕೆಲಸ ಮಾಡುತ್ತಿದ್ದಾರೆ.